ಕಾದಿರಿಸಿದ ಕುರ್ಚಿ

ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಏಣಿ ಮೇಡಂ ಅವರಿಗೆ,

ಟ್ಯಾಂಕಕ್ಕನ ನಮಸ್ಕಾರಗಳು. ಕಾಗದ ನೋಡಿ ಗಾಬರಿಯಾಗಬೇಡಿ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನೀವು ಫೋನ್ ಎತ್ತುತ್ತಿಲ್ಲ, ಮೆಸೇಜ್ ನೋಡುತ್ತಿಲ್ಲ, ನಮ್ಮ ಅಡ್ಮಿನ್‌ಗಳ ಕಟ್ಟೆಯ ಕಡೆ ತಲೆ ಹಾಕುತ್ತಿಲ್ಲ. ನನಗೋ, ಕಣ್ಣಿನ ಡಾಕ್ಟರು ಕಂಪ್ಯೂಟರ್ ಮುಂದೆ ಕೂತರೆ ನೋಡಿ ಮತ್ತೆ ಎಂದು ಗದರಿಸಿ ಕಳಿಸಿದ್ದಾರೆ. ಹಾಗಾಗಿ ಪೆನ್ನು ಹಿಡಿದೆ. ಸಾಲುಗಳು ಏರಿಳಿದಿದ್ದರೆ ಆಪರೇಷನ್ ಆದ ಕಣ್ಣಿನ ಮೇಲೆ ತಪ್ಪು ಹೊರಿಸಿ. ನಿಮ್ಮ ವಿಳಾಸ ಕೊಟ್ಟವರು ಕಮೋಡ್ ಸಾರ್. "ಯಾರಿಗೂ ಕೊಡಬೇಡಿ ಅಂದಿದಾರೆ ಅಕ್ಕ" ಎಂದು ರಾಗ ಎಳೆದರು. ಜೋರು ಮಾಡಿದೆ, ಕೊಟ್ಟರು. ಅವರನ್ನು ಬೈಯಬೇಡಿ. ಯಾವ ಊರಿನ ಆನ್‌ಲೈನ್ ಪುಕ್ಕಟೆ ಸಂತೆಯಲ್ಲಿ ಮೊದಲು ಯಾವ ವಸ್ತು ಕೈ ಬದಲಾಯಿತೋ ಆ ಊರಿನ ಅಡ್ಮಿನ್‌ಗೆ ಅದೇ ಹೆಸರು ಎಂಬ ನಮ್ಮ ಪದ್ಧತಿಯಿಂದ ಆ ಮನುಷ್ಯ ನೊಂದಷ್ಟು ಯಾರೂ ನೊಂದಿಲ್ಲ. ನಿಮಗಾದರೂ ಏಣಿ ಸಿಕ್ಕಿತು. ನನಗೆ ಸಿಕ್ಕಿದ್ದು ನೀರಿನ ಟ್ಯಾಂಕು, ಮೈಕಟ್ಟಿಗೂ ಹೊಂದಿಕೊಂಡುಬಿಟ್ಟಿತು.

ನಿಮ್ಮ ರಾಜೀನಾಮೆಯನ್ನು ಮಗಳು ಓದಿ ಹೇಳಿದಳು. ತಿಂಗಳ ಕೊನೆಗೆ ನಿಮ್ಮೂರಿನ ಸಂತೆಯನ್ನು ಮುಚ್ಚುತ್ತೀರಂತೆ. "ಇನ್ನೊಬ್ಬರ ಮನೆಯ ವಸ್ತುವನ್ನು ಕೇಳದೆ ಕೊಟ್ಟವಳಿಗೆ ಈ ಕೆಲಸದಲ್ಲಿ ಇರುವ ಯೋಗ್ಯತೆ ಇಲ್ಲ" ಎಂದು ಬರೆದಿದ್ದೀರಂತೆ. ನನಗೆ ಮೊದಲು ಬಂದದ್ದು ದುಃಖವಲ್ಲ ಮೇಡಂ, ಹೊಟ್ಟೆಕಿಚ್ಚು. ಅಂಥದ್ದೇ ಒಂದು ಪತ್ರವನ್ನು ನಾನು ಮನಸ್ಸಿನಲ್ಲೇ ಎಷ್ಟು ಕಾಲದಿಂದ ತಿದ್ದುತ್ತಾ ಕೂತಿದ್ದೆ. ನೀವು ನುಗ್ಗಿ ಮುಂದೆ ಹೋಗಿಬಿಟ್ಟಿರಿ.

ನಿಜ ಹೇಳಬೇಕೆಂದರೆ ಸಾಕಾಗಿದೆ. ಮನೆ ಒಡೆದವರ ಬಾಗಿಲು ಮನೆ ಕಟ್ಟುವವರಿಗೆ ಸಿಗಲಿ, ಒಬ್ಬರಿಗೆ ಬೇಡವಾದ ಮಂಚ ನೆಲದ ಮೇಲೆ ಮಲಗುವವರಿಗೆ ಪುಕ್ಕಟೆ ಸಿಗಲಿ ಎಂದು ನಮ್ಮೂರಿನ ಸಂತೆ ಶುರು ಮಾಡಿದಾಗ, ಇದರಲ್ಲಿ ಜಗಳಕ್ಕೆ ಏನಿದೆ ಎಂದುಕೊಂಡಿದ್ದೆ. ಪುಕ್ಕಟೆ ವಸ್ತುವಿಗೆ ಆಗುವಷ್ಟು ಜಗಳ ಚಿನ್ನಕ್ಕೂ ಆಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಸೋಫಾ ಬೇಕು ಎಂದು ಬಡಬಡಿಸಿದವರು ಬರುವ ಹೊತ್ತಿಗೆ ಫೋನ್ ಆಫ್ ಮಾಡಿರುತ್ತಾರೆ. ಸುಸ್ಥಿತಿಯಲ್ಲಿದೆ ಎಂದ ಫ್ರಿಜ್ಜಿನೊಳಗೆ ಇಲಿ ಸಂಸಾರ ಹೂಡಿರುತ್ತದೆ. ಮೊನ್ನೆ ಒಬ್ಬ ಮಹಾನುಭಾವ ಹಳೆಯ ಇಟ್ಟಿಗೆಗೆ ಗ್ಯಾರಂಟಿ ಕೇಳಿದ. ಇದನ್ನೆಲ್ಲ ಯಾರ ಹತ್ತಿರ ಹೇಳುವುದು? ಮನೆಯವರಿಗೆ ಹೇಳಿದರೆ "ನಿನಗ್ಯಾರು ಮಾಡು ಅಂದ್ರು?" ಎನ್ನುತ್ತಾರೆ. ಅದಕ್ಕೇ ಅಲ್ಲವೇ ಊರೂರಿನ ಅಡ್ಮಿನ್‌ಗಳನ್ನೆಲ್ಲ ಆನ್‌ಲೈನ್‌ನಲ್ಲಿ ಒಂದೇ ಕಡೆ ಕೂಡಿಸಿ ಈ ಕಟ್ಟೆ ಮಾಡಿಕೊಂಡದ್ದು. ಯಾರಿಗೆ ಕೈಲಾಗುವುದಿಲ್ಲವೋ ಅವರು "ಹೆಗಲು ಬೇಕು" ಎಂದು ಎರಡು ಪದ ಬರೆದರೆ ಸಾಕು, ಇನ್ನೊಂದು ಊರಿನವರು ಅವರ ಸಂತೆಯನ್ನು ಸ್ವಲ್ಪ ದಿನ ನೋಡಿಕೊಳ್ಳುತ್ತಾರೆ. ಹೆಗಲು ಎಂದರೆ ಸ್ಮಶಾನದ ದಾರಿ ನೆನಪಾಗುತ್ತದೆ, ಬೇರೆ ಪದ ಹುಡುಕಿ ಎಂದು ಕಮೋಡ್ ಸಾರ್ ಆಗ ತಕರಾರು ತೆಗೆದಿದ್ದರು. ಅವರ ಹೆಸರಿಗಿಂತ ವಾಸಿ ಎಂದು ಎಲ್ಲರೂ ಸೇರಿ ಬಾಯಿ ಮುಚ್ಚಿಸಿದೆವು.

ಎಲ್ಲರಿಗೂ ಹೆಗಲಾದವಳು ನಾನು. ಆ ಎರಡು ಪದವನ್ನು ನಾನು ಮಾತ್ರ ಒಂದು ದಿನವೂ ಬರೆದವಳಲ್ಲ. ಕಣ್ಣಿನ ಆಪರೇಷನ್ ಗೊತ್ತಾದಾಗಲೂ ನನ್ನ ಪರವಾಗಿ ಬರೆದವಳು ಮಗಳು. ನಿಮಿಷದೊಳಗೆ "ನಾನಿದ್ದೇನೆ ಅಕ್ಕ" ಎಂದು ನೀವು ಬಂದಿರಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಷ್ಟು ಹಗುರಾದೆ ಗೊತ್ತಾ?

ಈಗ ಕುರ್ಚಿಯ ವಿಷಯ. ಮಗಳು ನಿಮಗೆ ಅರ್ಧ ಹೇಳಿದ್ದಾಳೆ. ಉಳಿದರ್ಧ ಅವಳಿಗೂ ಗೊತ್ತಿಲ್ಲ.

ಅದು ನನ್ನ ತಮ್ಮನ ಕಟಿಂಗ್ ಶಾಪಿನ ಕುರ್ಚಿ. ಪೆಡಲ್ ಒತ್ತಿದರೆ ಮೇಲೇರುವ, ಹಿಡಿ ಎಳೆದರೆ ಹಿಂದಕ್ಕೆ ಒರಗುವ, ನಾಲ್ಕು ಜನ ಹಿಡಿದರೂ ಸುಲಭಕ್ಕೆ ಕದಲದ ಕಬ್ಬಿಣದ ರಾಕ್ಷಸ. ಅಂಗಡಿಗೆ ರಜೆ ಇದ್ದ ದಿನ ನನ್ನನ್ನು ಅದರಲ್ಲಿ ಕೂರಿಸಿ, ಪೆಡಲ್ ತುಳಿದು ಮೇಲೆತ್ತಿ, "ಅಕ್ಕ, ಈಗ ನೋಡು, ನೀನು ನನಗಿಂತ ಎತ್ತರ" ಎನ್ನುತ್ತಿದ್ದ. ಮದುವೆಯಾಗಿ ಮಕ್ಕಳಾದ ಮೇಲೂ ಹಾಗೆಯೇ ಮಾಡುತ್ತಿದ್ದ, ಹುಚ್ಚು ಮುಂಡೇದು. ಜ್ವರ ಎಂದು ಮಲಗಿದವನು ಮೇಲೇಳಲಿಲ್ಲ. ಅಂಗಡಿ ಖಾಲಿ ಮಾಡಬೇಕಾಯಿತು. ಅವನ ಹೆಂಡತಿಗೆ ಅಲ್ಲಿ ಕಾಲಿಡುವ ಧೈರ್ಯ ಇರಲಿಲ್ಲ, ಎಲ್ಲವನ್ನೂ ನಾನೇ ಹಂಚಿದೆ. ಕತ್ತರಿ, ಮೆಷಿನ್, ಬೆಂಚು, ಫ್ಯಾನು, ಒಂದೊಂದೂ ಸಂತೆಯಲ್ಲೇ ಹೋಯಿತು. ಕುರ್ಚಿ ನಮ್ಮ ಮನೆಯ ಹಾಲ್‌ಗೆ ಬಂತು.

ಕಟ್ಟೆಯ ಕೆಲಸವನ್ನೆಲ್ಲ ನಾನು ಮಾಡುತ್ತಿದ್ದದ್ದು ಅದರಲ್ಲಿ ಕೂತು. ನಿಮಗೆ ಆ ಉದ್ದುದ್ದ ಸಮಾಧಾನದ ಮಾತು ಹೇಳಿದ್ದು, ಮಂಚದ ಜಗಳದಲ್ಲಿ ನೀವು ಅತ್ತಾಗ ಫೋನ್ ಹಿಡಿದು ಕೂತದ್ದು ಎಲ್ಲ ಅದರಲ್ಲೇ. ಆದರೆ ಅರ್ಧ ಹಾಲ್ ಅದೇ ನುಂಗಿತ್ತು. "ಊರಿನ ಮನೆ ಎಲ್ಲಾ ಖಾಲಿ ಮಾಡಿಸ್ತೀಯ, ನಮ್ಮನೆ ಮಾತ್ರ ಗೋಡೌನ್" ಎಂದು ಮಗಳು ದಿನಾ ಶುರು ಮಾಡುತ್ತಿದ್ದಳು. ಅವಳ ಬಾಯಿ ಮುಚ್ಚಿಸಲು ಒಂದು ದಿನ ಕುರ್ಚಿಯನ್ನು ಪಟ್ಟಿಗೆ ಹಾಕಿದೆ. ಹಾಕಿದ ಮರುಕ್ಷಣವೇ "ಕಾದಿರಿಸಲಾಗಿದೆ" ಎಂದು ಗುರುತು ಹಾಕಿದೆ. ಯಾರೂ ಕಾದಿರಿಸಿರಲಿಲ್ಲ. ಯಾರೋ ಬರುತ್ತಾರೆ, ಈ ವಾರ ಬರುತ್ತಾರೆ, ಬರುವ ವಾರ ಬರುತ್ತಾರೆ ಎಂದು ಮಗಳಿಗೆ ಹೇಳಿಕೊಂಡು ಕಾಲ ದೂಡಿದೆ. ಹೆತ್ತ ಮಗಳಿಗೆ ಸುಳ್ಳು ಹೇಳಿ ಕುರ್ಚಿ ಉಳಿಸಿಕೊಂಡೆ ನೋಡಿ!

ಕಾದಿರಿಸಿದ ವಸ್ತು ಎರಡು ವಾರ ದಾಟಿದರೆ ಮುಂದೆ ಕೇಳಿದವರಿಗೆ ಕೊಟ್ಟುಬಿಡಬೇಕು, ಯಾರ ಮುಲಾಜೂ ನೋಡಬಾರದು. ಕಟ್ಟೆಯ ಈ ನಿಯಮ ಬರೆದವಳು ನಾನು. ಮುಲಾಜು ಎಂಬ ಪದ ಹಾಕಿದವಳೂ ನಾನೇ. ನೀವು ನಮ್ಮೂರಿನ ಪಟ್ಟಿ ತೆರೆದಿರಿ, ತಿಂಗಳುಗಟ್ಟಲೆ ಬಿದ್ದಿರುವ, ಕಾದಿರಿಸಿದವರ ಹೆಸರೇ ಇಲ್ಲದ ಒಂದು ಕುರ್ಚಿ ಕಂಡಿತು. ಕೆಳಗೆ ಒಬ್ಬಾಕೆ ಬೇಕು, ಬೇಕು ಎಂದು ಎಷ್ಟೋ ಸಲ ಕೇಳಿದ್ದಳು. ಕೊಟ್ಟಿರಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ಕೊಡುತ್ತಿದ್ದೆ, ಮೇಲೆ ಆ ಅಡ್ಮಿನ್‌ಗೆ ನಾಲ್ಕು ಮಾತು ಅನ್ನುತ್ತಿದ್ದೆ. ವ್ಯಾನ್ ಬರುತ್ತದೆ ಎಂಬ ಮೆಸೇಜು ನೋಡಿ, ಅಮ್ಮ ಕೊನೆಗೂ ಮನಸ್ಸು ಮಾಡಿದಳು, ಎದುರಿಗಿದ್ದು ಕಳಿಸಲಾರದೆ ಆಸ್ಪತ್ರೆಯ ದಿನವನ್ನೇ ಆರಿಸಿಕೊಂಡಳು ಎಂದು ಮಗಳು ತಿಳಿದಳು. ಒರೆಸಿ, ಹೊಳಪು ಬರಿಸಿ ಕಳಿಸಿದಳಂತೆ. ನಾನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದವಳು ಅಭ್ಯಾಸಬಲದಿಂದ ಅದರ ಕೈ ಹಿಡಿದು ಕೂರಲು ಹೋದೆ. ಅಲ್ಲಿ ಏನೂ ಇರಲಿಲ್ಲ. ಬೀಳುವುದೊಂದು ಬಾಕಿ.

ಮಾರನೇ ದಿನ ನೀವು ಕಟ್ಟೆಯಲ್ಲಿ ಕುರ್ಚಿಯ ಫೋಟೋ ಹಾಕಿದಿರಿ, "ಟ್ಯಾಂಕಕ್ಕನ ಊರಿನ ಹಳೇ ಕುರ್ಚಿಗೆ ಮನೆ ಸಿಕ್ಕಿತು" ಎಂದು. ಎಲ್ಲರೂ ಚಪ್ಪಾಳೆ ಕಳಿಸಿದರು. ನಾನು ಮಗಳ ಕೈಯಲ್ಲಿ "ಸಂತೋಷ" ಎಂದು ಬರೆಸಿದೆ. ಅದು ನಿಮಗೆ ತಾಗಲಿ ಎಂದೇ ಬರೆಸಿದ ಒಣ ಸಂತೋಷ. ನಿಮ್ಮ ಮೇಲೆ ಸಿಟ್ಟಿರಲಿಲ್ಲ ಎಂದು ಬರೆಯೋಣ ಅಂದುಕೊಂಡು ಕೂತೆ, ಬರೆದರೆ ಸುಳ್ಳಾಗುತ್ತದೆ. ಸಿಟ್ಟಿತ್ತು. ಆಮೇಲೆ ಊಟ ಬಿಟ್ಟೆ, ಕಟ್ಟೆ ಬಿಟ್ಟೆ. ಮಗಳು ಹೆದರಿ ನಿಮಗೆ ಫೋನ್ ಮಾಡಿ, ಅದು ಸೋದರಮಾವನ ಕುರ್ಚಿ ಎಂದು ಹೇಳಿಬಿಟ್ಟಳು.

ಇನ್ನೊಂದು ಮಾತು ಕೇಳಿ. ಪಟ್ಟಿ ಬಿಚ್ಚಿದ ಮೇಲೆ ನಾನು ಕುರ್ಚಿಯನ್ನು ವಾಪಸ್ ತರಲು ಹೋದೆ. ಹೌದು, ಕೊಟ್ಟದ್ದನ್ನು ಮರಳಿ ಕೇಳಬಾರದು ಎಂಬ ನಿಯಮವೂ ನನ್ನದೇ, ನೆನಪಿಸಬೇಡಿ. ನಮ್ಮ ಖಾಯಂ ವ್ಯಾನಿನವನನ್ನು ಹಿಡಿದು, ಬದಲಿಗೆ ಕೊಡಲು ಮೆತ್ತೆಯ ಆರಾಮ ಕುರ್ಚಿಯೊಂದನ್ನು ಹೇರಿಕೊಂಡು, ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ.

ಸಣ್ಣ ಓಣಿ, ಒಂದೇ ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ನಟ್ಟನಡುವೆ ನನ್ನ ಕುರ್ಚಿ, ಅದರಲ್ಲಿ ಒರಗಿ ಕೂತ ಒಬ್ಬ ಗಂಡಸು, ಸೊಂಟಕ್ಕೆ ಹಳೇ ಬೆಡ್‌ಶೀಟಿನ ಪಟ್ಟಿ ಕಟ್ಟಿತ್ತು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ. ಹೆಂಡತಿ ರೇಜರ್ ಹಿಡಿದು ನಿಂತಿದ್ದಳು. ಆತ ಬಸ್ ಡ್ರೈವರ್ ಆಗಿದ್ದರಂತೆ. ಲಕ್ವ ಹೊಡೆದ ಮೇಲೆ ಬೇರೆ ಕುರ್ಚಿಯಲ್ಲಿ ಕೂರಿಸಿದರೆ ಜಾರಿಬಿಡುತ್ತಿದ್ದರು, ತಲೆ ತೊಳೆಯಬೇಕಾದರೆ ಪಕ್ಕದ ಮನೆಯವರನ್ನು ಕರೆಯಬೇಕಿತ್ತು. ಇಷ್ಟನ್ನು ಆಕೆ ಹೇಳಿದ್ದು ಆಮೇಲೆ. ಸಂತೆಯವರು ಎಂದು ತಿಳಿದೊಡನೆ ಮೊದಲು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಏನಮ್ಮ ಇದು, ಕೊಡೋರು ಒಂಚೂರು ಎಣ್ಣೆ ಬಿಟ್ಟು ಕೊಡಬಾರದಾ? ಪೆಡಲ್ ತುಳಿದೂ ತುಳಿದೂ ನನ್ನ ಕಾಲು ಬಿದ್ದುಹೋಯ್ತು. ಮೇಲಕ್ಕೆ ಏಳೋದೇ ಇಲ್ಲ."

ಅದು ತುಳಿದರೆ ಏಳುವುದಿಲ್ಲ ಮೇಡಂ. ಸೀಟಿನ ಅಂಚನ್ನು ಅಂಗೈಯಿಂದ ಒಂದು ಸಲ ಕೆಳಕ್ಕೆ ಅದುಮಿ, ಹಿಮ್ಮಡಿಯಿಂದ ಪೆಡಲಿಗೆ ಬಲವಾಗಿ ಒದೆಯಬೇಕು. ತಮ್ಮ ಹಾಗೇ ಮಾಡುತ್ತಿದ್ದ. ನಾನು ಅದುಮಿದೆ, ಒದ್ದೆ. ಕುರ್ಚಿ ನಿಟ್ಟುಸಿರು ಬಿಟ್ಟು ಮೇಲೆದ್ದಿತು. ಆತ ನೊರೆಯ ಬಾಯಲ್ಲೇ ಏನೋ ಗೊಣಗಿದರು. "ಅಂಗಡಿಗೆ ಬಂದಂಗಾಯ್ತು ಅಂತಾರೆ" ಎಂದು ಆಕೆ ನಕ್ಕಳು. ಆಕೆಗೂ ಒದೆಯಲು ಕಲಿಸಿದೆ. ಎರಡನೇ ಸಲಕ್ಕೇ ಬಂತು. ಸಿಟ್ಟಿದ್ದವರಿಗೆ ಬೇಗ ಬರುತ್ತದೆ.

"ಯಾರದಮ್ಮ ಕುರ್ಚಿ?" ಎಂದು ಕೇಳಿದಳು. ನನ್ನ ತಮ್ಮಂದು ಎಂದೆ. "ಯಾಕೆ, ಅವರಿಗೆ ಬೇಡವಾ?" ಎಂದಳು.

ಬೇಡವಂತೆ ಎಂದೆ.

ಹೊರಡುವಾಗ ನೋಡಿದೆ, ಆ ಕೋಣೆಯಲ್ಲಿ ಆಕೆ ಕೂರಲು ಇದ್ದದ್ದು ಕಾಲು ಅಲ್ಲಾಡುವ ಒಂದು ಸ್ಟೂಲು. ಮೆತ್ತೆಯ ಕುರ್ಚಿಯನ್ನು ಇಳಿಸಿ ಆಕೆಗೆ ಕೊಟ್ಟು ಬಂದೆ. ಇದು ಯಾಕೆ ಎಂದು ಕೇಳಿದಳು. ನಿಮಗೂ ಸುಸ್ತಾಗುತ್ತದಲ್ಲ ಎಂದೆ. ಹಾಗೆ ಯಾರೂ ಕೇಳಿರಲಿಲ್ಲವೋ ಏನೋ, ಮುಖ ತಿರುಗಿಸಿಕೊಂಡಳು. ವ್ಯಾನಿನಲ್ಲಿ ನಾನೂ ಅತ್ತೆ, ಚೆನ್ನಾಗಿ ಅತ್ತೆ, ಕಣ್ಣಿಗೆ ನೀರು ತಾಕಬಾರದು ಎಂಬ ಡಾಕ್ಟರ ಮಾತನ್ನೂ ಮರೆತು. ವ್ಯಾನಿನವನು ಪಾಪ, ರೇಡಿಯೋ ಜೋರು ಮಾಡಿದ.

ಹೀಗಿದೆ ಕಥೆ. ನೀವು ಮಾಡಿದ್ದು ತಪ್ಪಲ್ಲ. ನನಗೆ ನೋವಾಗಿದ್ದೂ ಸುಳ್ಳಲ್ಲ. ಎರಡೂ ಒಟ್ಟಿಗೇ ಇರಲಿ ಬಿಡಿ, ನನ್ನ ನೋವು ಅಳಿಸಲು ನಿಮ್ಮ ಸಂತೆಯನ್ನು ಯಾಕೆ ಮುಚ್ಚಬೇಕು? ನಿಮ್ಮೂರಿನಲ್ಲಿ ಬಾಗಿಲಿಲ್ಲದ ಮನೆಗೆ ಗೋಣಿ ಇಳಿಬಿಟ್ಟುಕೊಂಡು, ನಿಮ್ಮ ಪಟ್ಟಿಯಲ್ಲಿ ಬಾಗಿಲು ಬರಲಿ ಎಂದು ಕಾಯುತ್ತಿರುವ ಆ ಅಜ್ಜಿ ಇದ್ದಾರಲ್ಲ, ಅವರಿಗೆ ನೀವು ಏನು ಹೇಳುತ್ತೀರಿ? ಟ್ಯಾಂಕಕ್ಕನ ಕುರ್ಚಿ ಹೋಯಿತು, ಅದಕ್ಕೆ ನಿಮಗೆ ಬಾಗಿಲಿಲ್ಲ ಎಂದೇ? ಸುಸ್ತಾಗಿದ್ದರೆ ಮಲಗಿ, ಬೈಯಬೇಕಿದ್ದರೆ ಬೈಯಿರಿ, ನಿಮ್ಮ ಸಂತೆಯನ್ನು ಅಲ್ಲಿಯವರೆಗೆ ನಾನೋ ಕಮೋಡ್ ಸಾರೋ ನೋಡಿಕೊಳ್ಳುತ್ತೇವೆ. ಮುಚ್ಚಬೇಡಿ. ನಿಮ್ಮ ರಾಜೀನಾಮೆಯನ್ನು ನಾನು ಒಪ್ಪಿಕೊಂಡಿಲ್ಲ, ನಿಮ್ಮ ಹೆಸರನ್ನೂ ತೆಗೆದಿಲ್ಲ.

ಕಣ್ಣು ಉರಿಯುತ್ತಿದೆ. ಮಗಳು ಎರಡು ಸಲ ಬಾಗಿಲಲ್ಲಿ ನಿಂತು ಗುರಾಯಿಸಿ ಹೋದಳು. ಹಾಲ್ ಈಗ ವಿಶಾಲವಾಗಿದೆ, ಅವಳಿಗೇ ಅದು ಬಿಕೋ ಅನ್ನುತ್ತಿದೆಯಂತೆ.

ಇಂತಿ,
ಊಟದ ಮೇಜಿನ ಕುರ್ಚಿಯಲ್ಲಿ ಬೆನ್ನು ನೋಯಿಸಿಕೊಂಡು ಕೂತಿರುವ ನಿಮ್ಮ
ಟ್ಯಾಂಕಕ್ಕ

ಮರೆತ ಮಾತು: ಮರೆತಿರಲಿಲ್ಲ, ಕೈ ಬಂದಿರಲಿಲ್ಲ. ನಮ್ಮೂರಿನ ಪಟ್ಟಿಯಲ್ಲಿ ತೀರ ಕೆಳಗೆ "ದೊಡ್ಡ ಕನ್ನಡಿ, ಮರದ ಚೌಕಟ್ಟು, ಒಂದು ಮೂಲೆ ಸೀಳಿದೆ" ಎಂದಿದೆ. ಅದರ ಮೇಲೂ "ಕಾದಿರಿಸಲಾಗಿದೆ" ಎಂದಿದೆ. ಯಾರೂ ಕಾದಿರಿಸಿಲ್ಲ. ಅದೂ ಅವನ ಅಂಗಡಿಯದೇ, ನನ್ನ ಮಂಚದ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಡ್ಯಾನ್ಸ್ ಕಲಿಸುವ ಒಬ್ಬ ಹುಡುಗಿ ಕೇಳುತ್ತಲೇ ಇದ್ದಾಳೆ. "ಕೊಡಲಾಗಿದೆ" ಎಂಬ ಗುಂಡಿಯ ಮೇಲೆ ಬೆರಳಿಟ್ಟು ಎರಡು ಸಲ ಎದ್ದು ಬಂದೆ, ಆಗಲಿಲ್ಲ. ನೀವೇ ಒತ್ತಿ. ನಮ್ಮ ಸಂತೆಯ ಪಾಸ್‌ವರ್ಡ್ ಬದಲಿಸಿಲ್ಲ, ನಿಮ್ಮ ಹತ್ತಿರ ಇರುವುದೇ. ಕಟ್ಟೆಯ ಒಳಗೆ ಬರದೆ ಅದನ್ನು ಒತ್ತಲು ಆಗುವುದಿಲ್ಲ, ಅದು ನಿಮಗೂ ಗೊತ್ತು. ಕೇಳದೆ ಕೊಟ್ಟೆ ಎಂದು ಈ ಸಲ ನೀವು ಹೇಳುವಂತಿಲ್ಲ, ನಾನೇ ನನ್ನ ಕೈಯಾರೆ ಬರೆದು ಕೇಳುತ್ತಿದ್ದೇನೆ. ಹೆಗಲು ಬೇಕು.