ಅಮ್ಮನ ದನಿಗೆ ಅಕ್ಕನ ಸಹಿ

ಮಂಗಳವಾರ
ಅಡುಗೆಮನೆಯ ಮೇಜಿನಿಂದ

ಸಪ್ತಸಾಗರಗಳ ಆಳ ಅಳೆಯುವ ಹಡಗಿನಲ್ಲಿ ವಿರಾಜಮಾನಳಾದ, ಫೋನಿಗೆ ಎಂದೂ ನಿಲುಕದ, ಅಮ್ಮನ ಮಾತಿನ ಆ್ಯಪಿಗೆ ಆದಿಕರ್ತೃವೂ ನನ್ನ ಕಿವಿ ಹಿಂಡುವುದಕ್ಕೆ ಏಕೈಕ ಹಕ್ಕುದಾರಳೂ ಆದ ಶ್ರೀಮದ್ ಅಕ್ಕನವರ ಪಾದಾರವಿಂದಗಳಲ್ಲಿ ತಮ್ಮನ ವಿಜ್ಞಾಪನೆ.

ಅಕ್ಕಾ, ಅಮ್ಮನ ಫೋನ್ ತನ್ನಷ್ಟಕ್ಕೆ ಅಪ್‌ಡೇಟ್ ಆದಾಗಿನಿಂದ ನಿನ್ನ ಆ್ಯಪ್ ಬಿಕ್ಕತೊಡಗಿತು. ಅವಳು ‘ಊಟ ಆಯ್ತಾ’ ಒತ್ತಿದರೆ ‘ಊ’ ಎಂದು ನಿಲ್ಲುತ್ತಿತ್ತು. ಗಂಟಲಿನ ಆಪರೇಷನ್ನಿಗೆ ಮೊದಲು ಅವಳೇ ಹೇಳಿ ತುಂಬಿಸಿಟ್ಟ ಮಾತುಗಳು. ಇನ್ನೊಮ್ಮೆ ಹೇಳಿಸೋಣವೆಂದರೆ ಆ ದನಿ ಈಗಿಲ್ಲ. ನಕಲು ತೆಗೆಯುವ ಗುಂಡಿಯನ್ನೂ ಮಹಾತಾಯಿ ನೀನು ಇಟ್ಟಿಲ್ಲ.

ನಿನ್ನ ಹಳೆಯ ಲ್ಯಾಪ್‌ಟಾಪ್ ತೆರೆದು ಬಿಕ್ಕಳಿಕೆಗೆ ಮದ್ದು ಹುಡುಕಿ ಹಚ್ಚಿದೆ. ಆ್ಯಪಿನ ಪರೀಕ್ಷೆಯ ಪ್ರತಿ, ಅಂದರೆ ಟೆಸ್ಟ್ ಬಿಲ್ಡ್, ನನ್ನ ಫೋನಿನಲ್ಲಿ ಗಿಣಿಯಂತೆ ಮಾತಾಡಿತು. ಅಮ್ಮನ ಫೋನಿಗೆ ಹಾಕಬೇಕಾದ ರಿಲೀಸ್ ಬಿಲ್ಡ್ ಮಾತ್ರ ತೆರೆದೊಡನೆ ಮಕಾಡೆ ಬಿತ್ತು. ಕೋಡ್ ಒಂದೇ, ನಡತೆ ಎರಡು! ಕುತೂಹಲಕ್ಕೆ ಊಟವೂ ಸೇರಲಿಲ್ಲ. ಕೆದಕಿದರೆ, ರಿಲೀಸ್ ಮಾಡುವಾಗ ಕಳ್ಳರಿಗೆ ಕೋಡ್ ತಿಳಿಯದಿರಲೆಂದು ಒಂದು ಉಪಕರಣ ಒಳಗಿನ ಭಾಗಗಳ ಹೆಸರುಗಳನ್ನೆಲ್ಲ ಎ, ಬಿ, ಸಿ ಎಂದು ಬದಲಿಸಿಬಿಡುತ್ತದೆ. ನೀನು ದನಿ ನುಡಿಸುವ ಭಾಗಕ್ಕೆ ‘ಗಂಟಲು’ ಎಂದು ಹೆಸರಿಟ್ಟು, ಇನ್ನೊಂದೆಡೆಯಿಂದ ಅದೇ ಹೆಸರು ಹಿಡಿದು ಕೂಗಿದ್ದೀಯ. ಗಂಟಲು ಆಗಲೇ ‘ಎ’ ಆಗಿ ಕೂತಿತ್ತು, ಓಗೊಡುವವರು ಯಾರು? ಗಂಟಲಿನ ಹೆಸರು ಮುಟ್ಟಕೂಡದೆಂದು ಆ ಉಪಕರಣಕ್ಕೆ ಒಂದು ಸಾಲಿನ ರಾಜಾಜ್ಞೆ ಹೊರಡಿಸಿದೆ. ಬಿಲ್ಡ್ ಎದ್ದು ನಿಂತಿತು.

ಅಮ್ಮನ ಫೋನ್ ಅದನ್ನು ಹೊಸ್ತಿಲಲ್ಲೇ ತಡೆಯಿತು. ಹಳೆಯದಕ್ಕೆ ನಿನ್ನ ಕೀಲಿಯ ಡಿಜಿಟಲ್ ಸಹಿ, ಹೊಸದಕ್ಕೆ ನನ್ನದು. ಸಹಿ ಬೇರೆಯಾದರೆ ಒಳಗೆ ಬಿಡುವುದಿಲ್ಲವಂತೆ. ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿಯವನು ಸಲೀಸಾಗಿ, “ಹಳೇದು ತೆಗೆದು ಹೊಸದು ಹಾಕಿದ್ರಾಯ್ತು, ಅಷ್ಟೇ ತಾನೇ?” ಎಂದ. ಹಳೆಯದನ್ನು ತೆಗೆದರೆ ಅಮ್ಮನ ಮಾತುಗಳೂ ಅದರೊಂದಿಗೇ ಅಳಿಯುತ್ತವೆ. ಅವನ ಕೈಯಿಂದ ಫೋನ್ ಕಿತ್ತುಕೊಂಡು ಬಂದೆ.

ನಿನ್ನ ಕೀಲಿಯ ಫೈಲು ಸಿಕ್ಕಿತು, ಪಾಸ್‌ವರ್ಡ್ ಗೊತ್ತಿಲ್ಲ. ನಿನ್ನ ಹುಟ್ಟುಹಬ್ಬ, ನಿನ್ನ ಹಡಗು, ಯಾರೂ ಅಲ್ಲವೆಂದು ನೀನು ಸಾಧಿಸುವ ಆ ಹುಡುಗನ ಹೆಸರು, ಎಲ್ಲ ಹಾಕಿ ನೋಡಿದೆ. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಅಮ್ಮ ಬೈಗುಳದ ಗುಂಡಿ ಒತ್ತಿದಳು. “ನಮ್ಮ ಕೋ” ಎಂದು ಬಿಕ್ಕಿ ನಿಂತಿತು. ನನಗೇ ಬೈದಳೆಂದುಕೊಂಡು ಇನ್ನೊಂದು ಹೆಸರು ಹಾಕಿ ನೋಡಿದೆ. ಮತ್ತೆ ಒತ್ತಿದಳು. ಮತ್ತೂ ಬೇರೆ ಹೆಸರು ಕುಟ್ಟುತ್ತಿದ್ದುದಕ್ಕೆ ತಲೆಗೊಂದು ಮೊಟಕಿ, ಚೀಟಿಯಲ್ಲಿ ಬರೆದಳು: ಪಾಸ್‌ವರ್ಡ್ ಏನಿಡಲಿ ಎಂದು ನೀನು ಅವಳನ್ನೇ ಕೇಳಿದ್ದೆಯಂತೆ, ಅವಳು ‘ನಮ್ಮ ಕೋತಿ’ ಎಂದಿದ್ದಳಂತೆ.

ಆದರೂ ತೆರೆಯಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ತಿ’ ಬರೆಯಲು ನನಗೆ ಟಿ ಒಂದೇ ಸಾಕು. ಪಕ್ಕದಲ್ಲಿ ಎಚ್ ಕೂರಿಸದಿದ್ದರೆ ನಿನಗೆ ನಿದ್ದೆ ಬರುವುದಿಲ್ಲ. ನೆನಪಾಗಿ ಎಚ್ ಕೂರಿಸಿದೆ. ಕೀಲಿ ಒಪ್ಪಿತು, ಹೊಸ ಬಿಲ್ಡಿಗೂ ನಿನ್ನ ಸಹಿ ಬಿತ್ತು.

ಅನಂತರ ಈ ಧೀರನು ಅಮ್ಮನ ಫೋನಿನಲ್ಲಿ ಇನ್‌ಸ್ಟಾಲ್ ಗುಂಡಿಯನ್ನು ಕಣ್ಣು ಮಿಟುಕಿಸದೆ ಒತ್ತಿದನು. ಒಂದು ಮಾತೂ ಅಳಿದಿಲ್ಲ.

ಇಂತಿ,
ಗಂಟಲು ಖಾತೆಯ ಹಂಗಾಮಿ ಮಂತ್ರಿ,
ನಿನ್ನ ತಮ್ಮ

ತಾ.ಕ.: ಒತ್ತಿದ್ದು ನಾನಲ್ಲ. ಫೋನನ್ನು ಅಮ್ಮನ ಮಡಿಲಿಗೆ ಹಾಕಿ, ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡೆ. ಆಚೆ ಏನೂ ಕೇಳಿಸದೆ ಹೋದರೆ ಎಂಬ ಹೆದರಿಕೆಗೆ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟೆ. ಸ್ವಲ್ಪ ಹೊತ್ತಿಗೆ ಬಾಗಿಲಾಚೆಯಿಂದ ಅಮ್ಮನ ದನಿ, ಒಂದಿಷ್ಟೂ ಬಿಕ್ಕದೆ ಬಂತು: “ನೀರು ಪೋಲಾಗ್ತಿದೆ, ನಲ್ಲಿ ನಿಲ್ಸೋ.”