ಒದ್ದೆ ಚಾದರಗಳ ಆಚೆ ಒಂಬತ್ತನೇ ರೂಮು

ಮಾರ್ಚ್ 2, ಭಾನುವಾರ. ಮಧ್ಯಾಹ್ನ

ಎಂಟನೇ ರೂಮು — ನಾಲ್ಕು ಗೀಟು ಸಿಗ್ನಲ್. ಒಂಬತ್ತು — ನಾಲ್ಕು. ಹತ್ತು — ಮೂರೂವರೆ ಅನ್ನೋಣ. ಫೋನನ್ನು ಎದೆಮಟ್ಟಕ್ಕೆ ಹಿಡಿದು ರೂಮಿನಿಂದ ರೂಮಿಗೆ ನಡೆದೆ, ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತ. ಖಾಲಿ ಮಂಚ, ಅರ್ಧ ಎಳೆದ ಪರದೆ. ಕಾಣದ ಹೊಳೆಯಲ್ಲಿ ಕಾಲಿಟ್ಟ ಹಾಗೆ... ಎಲ್ಲಿ ಎಷ್ಟು ಆಳ ಎಂದು ಫೋನು ಹೇಳುತ್ತದೆ.

ಅಕ್ಕನ ಲಾಡ್ಜು. ಮುಂದಿನ ಕಟ್ಟಡದಲ್ಲಿ ಏಳು ರೂಮು, ಹಿಂದಿನ ಸಾಲಿನಲ್ಲಿ ನಾಲ್ಕು, ನಡುವೆ ಅಂಗಳ. ಹಿಂದಕ್ಕೆ ವೈರ್ ಎಳೆಯಲಿಲ್ಲ. ಮುಂದಿನ ಗೋಡೆಯ ವೈಫೈ ಡಬ್ಬಿಯಿಂದ ಹಿಂದಿನ ಜಗಲಿಯ ಡಬ್ಬಿಗೆ, ಅಂಗಳ ದಾಟಿ ಗಾಳಿಯಲ್ಲೇ. ಅಗೆಯುವ ರಗಳೆ ಯಾರಿಗೆ ಬೇಕು?

"ಎರಡೇ ಡಬ್ಬೀಲಿ ಮುಗೀತೇನೇ?" ಅಂದಳು ಅಕ್ಕ.

"ಕೈಯಲ್ಲಿ ಕಸುಬಿದೆ."

"ಬಾಯಲ್ಲಿ ಅದಕ್ಕಿಂತ ಜಾಸ್ತಿ ಇದೆ."

ಮಾರ್ಚ್ 4, ಮಂಗಳವಾರ

ಒಂಬತ್ತನೇ ರೂಮಿನಿಂದ ದೂರು. ತಿಂಗಳ ಮಟ್ಟಿಗೆ ಉಳಿದಿರುವ ಮೇಷ್ಟ್ರು. ಬೆಳಿಗ್ಗೆ ಎಂಟರಿಂದ ಹತ್ತು, ಎಲ್ಲೋ ಇರುವ ಮಕ್ಕಳಿಗೆ ಫೋನಿನಲ್ಲೇ ಲೆಕ್ಕ ಕಲಿಸುತ್ತಾರೆ.

"ಮಕ್ಕಳ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತೆ ಕಣಮ್ಮ. ಭಾಗಾಕಾರದ ಮಧ್ಯೆ!"

ನಾನು ಹೋಗುವಷ್ಟರಲ್ಲಿ ಮಧ್ಯಾಹ್ನ ಒಂದು. ನಾಲ್ಕು ಗೀಟು, ತುಂಬಿ ತುಳುಕುತ್ತಿದೆ. ಡಬ್ಬಿಗೆ ಏನೂ ಆಗಿಲ್ಲ, ಮೇಷ್ಟ್ರಿಗೇ ಏನೋ ಆಗಿದೆ ಎಂದು ಅಕ್ಕನಿಗೆ ಹೇಳಿ ಬಂದೆ.

ಮಾರ್ಚ್ 6, ಗುರುವಾರ. ಬೆಳಿಗ್ಗೆ 9

ಇವತ್ತು ಬೇಗ ಹೋದೆ. ಅಂಗಳವೆಲ್ಲ ಬಿಳಿ.

ಆರು ತಂತಿ, ಇಪ್ಪತ್ತನಾಲ್ಕು ಒದ್ದೆ ಚಾದರ. ಲಾಡ್ಜಿನ ಬಟ್ಟೆ ಒಗೆಯುವ ಚಾದರಮ್ಮನ ಕೆಲಸ. ಭಾನುವಾರ ಅವಳ ರಜೆ. ನಾನು ಅಳತೆ ಮಾಡಿದ್ದು ಬರಿದಾದ ಅಂಗಳವನ್ನು. ಮಂಗಳವಾರ ನಾನು ಬರುವಷ್ಟರಲ್ಲಿ ಎಲ್ಲ ಒಣಗಿ ಒಳಗೆ ಹೋಗಿದ್ದವು.

ಫೋನು ಹಿಡಿದು ಒಳಗೆ ನುಗ್ಗಿದೆ. ನಾಲ್ಕು. ಇನ್ನೊಂದು ಸಾಲು — ಮೂರು. ಇನ್ನೊಂದು — ಒಂದು. ನಡುವೆ ನಿಂತಾಗ ಏನೂ ಇಲ್ಲ. ಬಟ್ಟೆಯೊಳಗಿಂದ ಸೋಸಿ ಬರುವ ಬಿಸಿಲು, ಸೋಪಿನ ತಂಪು, ಕೆನ್ನೆಗೆ ತಾಗುವ ಅಂಚು. ಮೋಡದ ಹೊಟ್ಟೆಯಲ್ಲಿ ನಿಂತ ಹಾಗೆ. ಯಾರೂ ಕರೆಯಲಾರದ ಜಾಗ... ಎಷ್ಟು ಹೊತ್ತು ನಿಂತೆನೋ.

ನೀರು ವೈಫೈ ಅಲೆಯನ್ನು ನುಂಗುತ್ತದೆ. ಕಸುಬು ಕಲಿತಾಗಿನ ಮೊದಲ ಪಾಠ. ಖುಷಿಗೆ ಕೂಗಿದೆ:

"ಅಕ್ಕಾ, ಸಿಕ್ತು! ಈ ಒದ್ದೆ ಬಟ್ಟೆಗಳೇ ಸಿಗ್ನಲ್ ಕುಡೀತಿರೋದು!"

ಮಹಡಿಯಿಂದ ಅಕ್ಕ: "ಹಾಗಾದ್ರೆ ಬಟ್ಟೇನೇ ತೆಗೆದ್ರಾಯ್ತು. ಸೋಮವಾರದಿಂದ ಲಾಂಡ್ರಿಯವರ ವ್ಯಾನ್ ಬರ್ಲಿ. ಹೇಗೂ ಆರು ತಿಂಗಳಿಂದ ಕೇಳ್ತಿದಾರೆ."

ಎದುರಿನ ಚಾದರದ ಕೆಳಗೆ ಎರಡು ಪಾದ. ನೆನೆದು ಬೆಳ್ಳಗಾದ ಬೆರಳು. ಅಲುಗಲಿಲ್ಲ.

ನಾನು ಫೋನು ಆರಿಸಿ ಗೇಟಿನ ಕಡೆ ನಡೆದೆ.

ಮಾರ್ಚ್ 7, ಶುಕ್ರವಾರ

ಒಗೆಯುವ ಕಲ್ಲಿನ ಹತ್ತಿರ ಹೋದೆ. ಚಾದರಮ್ಮ ತಲೆ ಎತ್ತಲಿಲ್ಲ.

"ಬಾರವ್ವ ಬಾ. ಇನ್ನೆರಡು ದಿನ ಇದೆ. ನೋಡ್ಕೊಂಡು ಹೋಗು."

"ನಾನು ಹಾಗೆ ಹೇಳಲಿಲ್ಲ ಚಾದರಮ್ಮ..."

"ಹೇಳಿದ್ದನ್ನ ಕೇಳಿಸ್ಕೊಂಡೆ. ಹನ್ನೊಂದು ವರ್ಷದಿಂದ ಈ ಬಟ್ಟೆ ಇಲ್ಲೇ ಒಣಗ್ತಿವೆ. ನಿನ್ನ ಡಬ್ಬಿ ಬಂದು ಐದು ದಿನ. ಯಾರು ಯಾರಿಗೆ ಅಡ್ಡ ಬಂದಿದ್ದು? ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ."

ಬಟ್ಟೆ ಎತ್ತಿ ಕಲ್ಲಿಗೆ ಬಡಿದಳು. ನೀರು ನನ್ನ ಮುಖಕ್ಕೆ ಹಾರಿತು. ಒರೆಸಿಕೊಳ್ಳಲಿಲ್ಲ.

ಹದಿನೈದು ವರ್ಷ ಸಂಘದ ಬಾವುಟ ಹಿಡಿದವಳು ನಾನು. ದುಡಿಯುವವರ ಪರ ಕೂಗಿ ಗಂಟಲು ಹರಿದುಕೊಂಡವಳು. ಒಬ್ಬಳ ಅನ್ನಕ್ಕೆ ಕಲ್ಲು ಹಾಕಲು ಒಂದೇ ಕೂಗು ಸಾಕಾಯಿತು. ಥೂ.

ಮಾರ್ಚ್ 9, ಭಾನುವಾರ. ಸಂಜೆ

ನಿನ್ನೆ ಬರೆಯಲಿಲ್ಲ. ಹೇಡಿಗೆ ದಿನಚರಿ ಯಾಕೆ?

ಬೆಳಿಗ್ಗೆ ಅಕ್ಕ ಕನ್ನಡಿ ಮುಂದೆ ತಲೆ ಬಾಚುತ್ತಿದ್ದಾಗ ಹೇಳಿಯೇಬಿಟ್ಟೆ.

"ತಪ್ಪು ಬಟ್ಟೇದಲ್ಲ, ನಂದು. ಬಟ್ಟೆ ಇಲ್ಲದ ದಿನ ಅಳೆದೆ. ಅಗೆಯೋ ಸೋಮಾರಿತನಕ್ಕೆ ಗಾಳೀಲಿ ಬಿಟ್ಟೆ."

ಬಾಚಣಿಗೆ ನಿಂತಿತು. "ನನ್ನ ತಂಗಿ ಕೆಲಸ ಅಂದ್ರೆ ಕೆಲಸ ಅಂತ ಬೀದಿಯ ಲಾಡ್ಜಿನವರಿಗೆಲ್ಲ ಹೇಳಿದೀನಿ ಕಣೆ. ಇದು ಗೊತ್ತಾದ್ರೆ ಇನ್ಯಾರು ಕರೀತಾರೆ ನಿನ್ನ?"

"ಕರೀದಿದ್ರೆ ಬಿಡು. ಹನ್ನೊಂದು ವರ್ಷ ದುಡಿದೋಳನ್ನ ಒಂದು ಮಾತಲ್ಲಿ ಕಳಿಸೋಕೆ ನೀನ್ಯಾರು?"

"ಶುರುವಾಯ್ತು ಭಾಷಣ. ವ್ಯಾನಿಗೆ ಹೇಳಾಗಿದೆ."

"ಇವತ್ತೇ ಅಗೆದು ವೈರ್ ಹಾಕ್ತೀನಿ. ನಾಳೆ ಎಲ್ಲಾ ಚಾದರ ಒದ್ದೆ ಇರೋವಾಗಲೇ ಒಂಬತ್ತನೇ ರೂಮಲ್ಲಿ ನೋಡು. ನಾಲ್ಕು ಗೀಟು ಬರದಿದ್ರೆ ನಿನ್ನಿಷ್ಟ."

ಅಕ್ಕ ಜಡೆ ಹೆಣೆದು ಮುಗಿಸಿದಳು. ಆಮೇಲೆ: "ಗುದ್ದಲಿ ಮೆಟ್ಟಿಲ ಕೆಳಗಿದೆ."

ಅಂಗಳದ ಉದ್ದಕ್ಕೂ ಗೇಣುದ್ದ ಆಳ ಅಗೆದೆ. ಮೂರು ಗಂಟೆ, ಎರಡು ಬೊಬ್ಬೆ. ಪೈಪು ಕೂರಿಸುವಾಗ ಆ ತುದಿಯಲ್ಲಿ ಚಾದರಮ್ಮ.

"ರಜೆ ಅಲ್ವಾ?"

"ನನ್ನ ಕೆಲಸದ ಹಣೆಬರಹ ಬರೀತಿದೀಯ, ನಾನು ಮನೇಲಿ ಮಲಗ್ಲಾ? ತಳ್ಳು ನಿನ್ನ ವೈರನ್ನ."

ತಳ್ಳಿದೆ. ಎಳೆದಳು. ನೆಲದೊಳಗೆ ವೈರು ಸರಿಯುವ ಸದ್ದು, ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸಿದಂತೆ. ಮಣ್ಣು ಮುಚ್ಚಿ ಇಬ್ಬರೂ ತುಳಿದೆವು. ಹೋಗುವಾಗ ಅಂದಳು, "ನೆಲ ಡೊಂಕಿಲ್ಲ, ನೋಡಿದ್ಯಾ?"

ಮಾರ್ಚ್ 10, ಸೋಮವಾರ. ಬೆಳಿಗ್ಗೆ 8.40

ಜಗಲಿ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇಪ್ಪತ್ತನಾಲ್ಕೂ ತಂತಿಯ ಮೇಲಿವೆ, ಒಂದೊಂದರಿಂದಲೂ ನೀರು ತೊಟ್ಟಿಕ್ಕುತ್ತಿದೆ. ಗಾಳಿ ಬಂದರೆ ಇಡೀ ಅಂಗಳ ತೇಲುತ್ತದೆ. ಅಕ್ಕ ಒಂಬತ್ತರ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾಳೆ. ಒಳಗೆ ಮೇಷ್ಟ್ರು: "ಹೇಳಿ, ಏಳರಿಂದ ಭಾಗಿಸಿದ್ರೆ?" ಹತ್ತಾರು ಮಕ್ಕಳ ದನಿ ಒಟ್ಟಿಗೆ. ಎಲ್ಲೂ ಕಡಿಯಲಿಲ್ಲ. ಮತ್ತೊಂದು ಲೆಕ್ಕ. ಕಡಿಯಲಿಲ್ಲ.

ಗೇಟಿನಲ್ಲಿ ವ್ಯಾನು ಹಾರ್ನ್ ಹೊಡೆಯಿತು. ಚಾದರಮ್ಮ ಕಲ್ಲಿನ ಹತ್ತಿರ ನೆಟ್ಟಗೆ ನಿಂತಳು.

ಅಕ್ಕ ಚಾದರಗಳ ನಡುವೆ ನಡೆದು ಹೋದಳು. ಒಂದೊಂದನ್ನೇ ಕೈಯಿಂದ ಸರಿಸುತ್ತ, ನಿಧಾನ. ಕಾಣಲಿಲ್ಲ, ಕೇಳಿಸಿತು.

"ಇವತ್ತು ಬಟ್ಟೆ ಇಲ್ಲಪ್ಪ."

"ನಾಳೆ ಬರ್ಲಾ ಅಮ್ಮ?"

ಅಕ್ಕ ಗೇಟಿನ ಚಿಲಕ ಹಾಕಿದ ಸದ್ದು.

"ಬೇಡ. ನಮ್ಮಲ್ಲಿ ಒಗೆಯೋರಿದಾರೆ."

ಚಾದರಮ್ಮ ನನ್ನ ಕಡೆ ನೋಡಲಿಲ್ಲ. ಬಕೆಟ್ಟಿನಿಂದ ದಪ್ಪ ಕಂಬಳಿ ಎತ್ತಿ ಒಂದು ತುದಿಯನ್ನು ನನ್ನತ್ತ ಎಸೆದಳು.

"ಬರ್ಕೊಂಡು ಕೂರ್ಬೇಡ. ಇದನ್ನ ಹಿಂಡೋಕೆ ಇಬ್ರು ಬೇಕು. ಹಿಡಿ—"