ಡೆಲಿಯಾಳ ಸರದಿ

ಎಮೆಟ್,

ಡೆಲಿಯಾಳನ್ನು ಕರೆತರಲು ಬಾಸ್ಟನ್ ಸ್ಟೇಷನ್ನಿಗೆ ಹೋಗಿದ್ದೇನೆ. ನಿನ್ನ ಡ್ರೈವರನ್ನು ಕೇಳಲಿಲ್ಲ, ಹೆದರಬೇಡ. ಸೆನೆಟರ್ ಸಾಹೇಬನಾದ ನಿನ್ನ ಕಾರಿನಿಂದ ಕುಂಟುವ ಅಕ್ಕ ಇಳಿದರೆ ನಾಲ್ಕು ಜನ ನೋಡಿಯಾರು.

ಒಲೆಯ ಮೇಲೆ ಸೂಪಿದೆ, ತಳ ಹಿಡಿಯದಂತೆ ನೋಡಿಕೋ. ಅವಳ ಪಾಲಿನ ಮಾಂಸ ಸಣ್ಣಗೆ ಹೆಚ್ಚಿಡು. ಅಪ್ಪ ಅವಳ ತಲೆಗೆ ಆಪರೇಷನ್ ಮಾಡಿಸಿದಾಗಿನಿಂದ ಬಲಗೈ ಸ್ವಾಧೀನದಲ್ಲಿಲ್ಲ. ಯಾರಾದರೂ ಫೋನ್ ಮಾಡಿದರೆ, "ದೂರದ ಊರಲ್ಲಿ ಟೀಚರ್ ಆಗಿದ್ಲು" ಅಂತ ಅಪ್ಪನ ಹಳೇ ರಾಗ ಎಳೆಯಬೇಡ. ಆಶ್ರಮದಲ್ಲಿದ್ದಳು, ನಾವೇ ಬಿಟ್ಟಿದ್ದೆವು ಅನ್ನು.

ಊಟವಾದ ಮೇಲೆ ಎಂದಿನಂತೆ ಜಪಸರ, ಹತ್ತು ಹತ್ತು ಪ್ರಾರ್ಥನೆಗೆ ಒಬ್ಬೊಬ್ಬರ ಸರದಿ. ಮೂರನೇ ಹತ್ತು ನಮೋ ಮರಿಯಾ ಹೇಳಿಸುವ ಸರದಿ ಅವಳದು. ಅವಳನ್ನು ಕಳಿಸಿದ ದಿನವೇ ಅಪ್ಪ, "ಎಮೆಟ್, ಇನ್ಮೇಲೆ ಅದನ್ನ ನೀನ್ ಹೇಳ್ಸೋ" ಅಂದರು. ಮೂವತ್ತು ವರ್ಷದಿಂದ ಹೇಳಿಸುತ್ತಲೇ ಇದ್ದೀಯ, ಯಾಕೆಂದು ಒಮ್ಮೆಯೂ ಕೇಳದೆ. ಇವತ್ತು ಬಾಯಿ ಮುಚ್ಚಿಕೊಂಡು ಮಂಡಿಯೂರು. ಬೇರೆ ಮಾತೆಲ್ಲ ಹೋದರೂ ಅದೊಂದು ಪ್ರಾರ್ಥನೆ ಅವಳ ಬಾಯಲ್ಲಿ ಉಳಿದಿದೆಯಂತೆ, ಆಶ್ರಮದ ಸಿಸ್ಟರ್ ಹೇಳಿದರು.

ನಡುವೆ ನಿಂತುಬಿಟ್ಟರೆ ಮುಂದಿನ ಪದ ಎತ್ತಿಕೊಡಬೇಡ. ಸುಮ್ಮನೆ ಕಾದಿರು. ಕಾಯುವುದೆಂದರೇನೆಂದು ಅವಳೊಬ್ಬಳಿಗೇ ಯಾಕೆ ಗೊತ್ತಿರಬೇಕು?

ನೋರಾ